ಬೀಗಿತ್ತಿಯ ಗಂಬೊ

ನನ್ನ ಮಗ ಎಲ್ರೇ ಆ ಮಾತನ್ನು ನನ್ನ ಅಡುಗೆಮನೆಯಲ್ಲೇ ಕೂತು, ನಾನು ಅನ್ನದ ಮೇಲೆ ಬಡಿಸಿದ ಗಂಬೊ ಸಾರು ಉಣ್ಣುತ್ತಲೇ ಹೇಳಿದ.

"ಅಮ್ಮಾ, ಸಿಮೋನ್ ಅವರಮ್ಮ ಮಾಡೋ ಗಂಬೊನೂ ಥೇಟ್ ನಿಂದರ ಹಾಗೇ ಇರತ್ತೆ."

ಹಾಗೇ ಇರತ್ತಂತೆ! ಹೊತ್ತು ಹೆತ್ತಿದ್ದಕ್ಕೆ ಸಿಕ್ಕ ಬಹುಮಾನ. ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ಹುಡುಗಿ ಸಿಮೋನ್‌ಳನ್ನು ಮದುವೆಯಾಗುತ್ತೇನೆ ಎಂದಾಗ ನಾನು ತುಟಿಪಿಟಕ್ಕೆನ್ನಲಿಲ್ಲ. ಹುಡುಗಿ ಒಳ್ಳೆಯವಳೇ. ಆದರೆ ಗಂಬೊಗೆ ಟೊಮೆಟೊ ಹಾಕುವ ಮನೆಯವರ ಕೈರುಚಿಯೂ ಟೊಮೆಟೊ ಸೋಕಿಸದ ನಮ್ಮ ಹಳ್ಳಿಗಾಡಿನ ಕೇಜನ್ ಜನರ ಕೈರುಚಿಯೂ ಒಂದೇ ಎಂದರೆ ಯಾರಿಗೆ ಸಹನೆಯಾದೀತು? "ಮದುವೆಗೆ ಬರೋದು ಬಿಡೋದು ಆಮೇಲೆ ನೋಡೋಣ" ಎಂದುಬಿಟ್ಟೆ. ಅವನು ಬಟ್ಟಲು ತೊಳೆದಿಟ್ಟು ಹೊರಟುಹೋದ.

ನಿಜ ಹೇಳುತ್ತೇನೆ, ನನಗಿದ್ದದ್ದು ಸಿಟ್ಟಲ್ಲ, ಭಯ. ಅವನ ನಾಲಿಗೆ ಅಲ್ಲಿಗೆ ಒಗ್ಗಿಹೋಯಿತೆಂದರೆ ಅವನೂ ಅಲ್ಲಿಯವನೇ ಆದಂತೆ. ಆಮೇಲೆ ನಮ್ಮೂರು ಬ್ರೋ ಬ್ರಿಡ್ಜ್‌ನಲ್ಲಿ ಅವನಿಗೇನು ಕೆಲಸ?

ಸಿಮೋನ್‌ಳ ತಾಯಿ ಲುಸಿಲ್ ರೋಷೋನ್ ಪ್ರವಾಸಿಗರಿಗೆ ಅಡುಗೆ ಕಲಿಸುತ್ತಾಳೆಂದು ಗೊತ್ತಿತ್ತು. ಆಕೆ ನನ್ನ ಮುಖ ಕಂಡವಳಲ್ಲ. ಸರಿ, ಬಸ್ಸು ಹತ್ತಿ ಆಕೆಯ ಕ್ಲಾಸಿಗೇ ಹೋದೆ. ಅಜೆಲಿ ಗಿಡ್ರಿ ಎಂಬ ನನ್ನ ಹೆಸರನ್ನು ನುಂಗಿಕೊಂಡು, ಮಿಸೆಸ್ ಸ್ಮಿತ್ ಎಂದು ಬರೆಸಿ, ಏಪ್ರನ್ ಕಟ್ಟಿ ನಿಂತೆ. ಹೋದದ್ದೇ ಹುಳುಕು ಹುಡುಕಲು.

"ಯಾವೂರಾಯ್ತು ಸ್ಮಿತ್ ಅವರೇ?" ಎಂದಳು ಲುಸಿಲ್. ತುಂಬಿದ ಮೈ, ದೊಡ್ಡ ದನಿ.

"ಓಹಾಯೋ" ಎಂದೆ. ಬಾಯಿಗೆ ಬಂದದ್ದು ಅದೇ.

"ಅರೆ, ನಾನೂ ಓಹಾಯೋದವ್ನೇ!" ಪಕ್ಕದಲ್ಲಿದ್ದ ಬೋಳುತಲೆಯವನು ಕುಣಿದಾಡಿಬಿಟ್ಟ. ಹೆಸರು ಟಾಡ್ ಅಂತೆ. "ಓಹಾಯೋದಲ್ಲಿ ಎಲ್ಲಾಗತ್ತೆ?"

"ಒಳಗಡೆ."

"ಒಳಗಡೆ ಅಂದ್ರೆ?"

"ತುಂಬಾ ಒಳಗಡೆ."

ಹಾಳಾದವನು, ನನ್ನ ಪಾತ್ರೆಗೇ ಜೋಡಿಯಾದ. ಎಣ್ಣೆಯಲ್ಲಿ ಹಿಟ್ಟು ಹಾಕಿ ರೂ ಹುರಿಯುವ ಕೆಲಸ ಅವನದು. ಕೈ ಒಂದು ಸುತ್ತು ತಿರುಗಿದರೆ ಬಾಯಿ ಹತ್ತು ಸುತ್ತು. ಹಿಟ್ಟಿನ ಬಣ್ಣ ತಿರುಗುತ್ತಿದೆ, ತಳ ಹಿಡಿಯುವುದರಲ್ಲಿದೆ, ಈತ ತನ್ನ ನಾಯಿಯ ಕಥೆ ಹೇಳುತ್ತಿದ್ದಾನೆ. ನನ್ನ ಕೈ ಸುಮ್ಮನಿರಲಿಲ್ಲ. ಸೌಟು ಕಿತ್ತುಕೊಂಡೆ.

"ರೂ ಮುಂದೆ ನಿಂತ್ಕೊಂಡು ಹರಟೆ ಹೊಡೀತಾರೇನಯ್ಯಾ? ಸೀದ್ರೆ ಯಾರಪ್ಪ ತಿಂತಾನೆ? ಸರಿ ಆಚೆ!"

ಹುರಿದೆ, ಹುರಿದೆ, ಚಾಕೊಲೇಟ್ ಬಣ್ಣಕ್ಕೆ ಬರುವವರೆಗೂ ತಲೆಯೆತ್ತಲಿಲ್ಲ. ಎತ್ತಿದಾಗ ಲುಸಿಲ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇದನ್ನೆಲ್ಲಾ ಎಲ್ಲಿ ಕಲಿತ್ರಿ?"

"ಟಿವಿ ನೋಡಿ."

"ನಮ್ಮ ಟಿವೀಲಿ ಇಷ್ಟು ಬೈಯೋದಿಲ್ವಲ್ಲಾ" ಎಂದು ಮುಂದೆ ಹೋದಳು.

ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಸೆಲರಿ, ಬೆಂಡೆಕಾಯಿ, ಸಾಸೇಜ್ ಎಲ್ಲಾ ಸರಿಯಾಗಿಯೇ ಬಿದ್ದವು. ಆಮೇಲೆ ಬಂತು ನೋಡಿ ಟೊಮೆಟೊ. ಬೋಗುಣಿ ತುಂಬಾ ಹೆಚ್ಚಿಟ್ಟದ್ದನ್ನು ನನ್ನ ರೂ ಮೇಲೆ ಸುರಿದೇಬಿಟ್ಟಳು. ನಾನು ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡೆ.

"ಏನಾಯ್ತ್ರೀ?"

"ಹೊಗೆ, ಕಣ್ಣಿಗೆ ಹೋಯ್ತು."

"ಕರೆಂಟ್ ಒಲೆ ಇದು" ಎಂದಳು ಲುಸಿಲ್.

ಕೊನೆಗೆ ಏಡಿ, ಸಿಗಡಿ ಬಿದ್ದು ಕುದಿದು, ಅನ್ನದ ಮೇಲೆ ಗಂಬೊ ಬಂತು. ಮೂಗು ಮುರಿಯಲು ಸಿದ್ಧಳಾಗಿಯೇ ಒಂದು ಚಮಚ ಬಾಯಿಗಿಟ್ಟೆ. ಚೆನ್ನಾಗಿತ್ತು. ಇನ್ನೊಂದು ಚಮಚ ತಿಂದೆ, ತಪ್ಪು ಸಿಗಬಹುದೆಂದು. ಸಿಗಲಿಲ್ಲ. ಟೊಮೆಟೊ ಕೂಡ ತನ್ನ ಪಾಡಿಗೆ ತಾನು ಮರ್ಯಾದೆಯಾಗಿ ಕೂತಿತ್ತು. ಹೊಟ್ಟೆ ಉರಿಯಿತು, ಉರಿಯುವ ಹೊಟ್ಟೆಯೇ ಇನ್ನೂ ಬೇಕು ಎಂದಿತು. ಎಲ್ರೇ ಹೇಳಿದ್ದು ಸುಳ್ಳಲ್ಲ. ಮಗ ಕೈಬಿಟ್ಟುಹೋದ ಎಂದುಕೊಂಡು ತಲೆ ತಗ್ಗಿಸಿ ತಿನ್ನತೊಡಗಿದೆ.

ಹಿಂದಿನ ಕಟ್ಟೆಯ ಮೇಲೆ ಆಲೂಗೆಡ್ಡೆ ಸಲಾಡ್ ಇತ್ತು. ಕೈ ಯಾವಾಗ ಹೋಯಿತೋ ತಿಳಿಯದು. ದೊಡ್ಡದೊಂದು ಮುದ್ದೆ ತೆಗೆದು ಗಂಬೊ ಮಧ್ಯಕ್ಕೆ ಹಾಕಿ ಕಲೆಸಿದ್ದೆ.

"ಅಯ್ಯಯ್ಯೋ, ಸಲಾಡ್ ತಗೊಂಡು ಗಂಬೊಗೆ ಹಾಕ್ಕೊಂಡ್ರಲ್ರೀ!" ಎಂದ ಟಾಡ್.

ಎಲ್ಲರೂ ತಿರುಗಿ ನೋಡಿದರು. ಲುಸಿಲ್ ಸೌಟು ಕೆಳಗಿಟ್ಟು ಬಂದು ನನ್ನೆದುರು ಕುಳಿತಳು.

"ಆ ಸಲಾಡ್ ಕ್ಲಾಸಿಗೆ ಅಂತ ಮಾಡಿದ್ದಲ್ಲ. ನಮ್ಮನೇಲಿ ಯಾರೂ ಹೀಗೆ ತಿನ್ನಲ್ಲ. ಸಂಜೆ ಒಬ್ಬ ಹುಡುಗ ಊಟಕ್ಕೆ ಬರ್ತಾನೆ, ಅವನಿಗೆ ಅಂತ ಮಾಡಿಟ್ಟಿದ್ದೆ. ಮೊದಲ ಸಲ ಬಂದಾಗ ಗಂಬೊ ಮುಂದಿಟ್ಕೊಂಡು ಸುಮ್ನೆ ಕೂತಿದ್ದ. ಯಾಕಪ್ಪಾ ಅಂದ್ರೆ, ನಮ್ಮಮ್ಮ ಒಳಗೆ ಸಲಾಡ್ ಹಾಕಿ ಕೊಡ್ತಾಳೆ, ಅದಿಲ್ದಿದ್ರೆ ನಂಗೆ ಉಂಡ ಹಾಗೇ ಆಗಲ್ಲ ಅಂದ."

ಮಗ ಎಲ್ಲೂ ಹೋಗಿರಲಿಲ್ಲ. ಪರರ ಮನೆಯ ಊಟದ ಮೇಜಿನಲ್ಲಿ ನನ್ನ ಅಡುಗೆಮನೆಯನ್ನೇ ಹಾಸಿಕೊಂಡು ಕೂತಿದ್ದ. ಏಪ್ರನ್ ತುದಿಯಿಂದ ಕಣ್ಣೊರೆಸಿಕೊಂಡೆ.

"ಹೊಗೇನಾ?" ಎಂದಳು ಲುಸಿಲ್ ಮೆಲ್ಲಗೆ.

"ಅಲ್ಲ ಕಣ್ರೀ."

"ನೀವು ಮದುವೆಗೆ ಬರಲ್ಲ ಅಂತಿದ್ದೀರಂತೆ. ಅವನು ಹೇಳಿಲ್ಲ, ಸಿಮೋನ್ ಹೇಳಿದ್ಲು. ಹುಡುಗ ವಾರದಿಂದ ಒಂದೇ ಬಟ್ಟಲಿಗೆ ಎದ್ದುಬಿಡ್ತಾನೆ."

ವಾರದಿಂದ ಸರಿಯಾಗಿ ಉಂಡಿಲ್ಲ ನನ್ನ ಮಗು! ಸಲಾಡಿನ ಬೋಗುಣಿ ಎಳೆದುಕೊಂಡು ಒಂದು ಚೂರು ನಾಲಿಗೆಗಿಟ್ಟೆ. ಸಾಸಿವೆ ಸಾಲದು, ಮೊಟ್ಟೆಯನ್ನು ಇನ್ನೂ ನುರಿಯಬೇಕಿತ್ತು. ಅಂತೂ ಒಂದು ತಪ್ಪು ಸಿಕ್ಕಿತ್ತು, ಆದರೆ ಎತ್ತಿ ಆಡುವ ಮನಸ್ಸೇ ಬರಲಿಲ್ಲ.

"ಆಲೂಗೆಡ್ಡೆ ಎಲ್ಲಿಟ್ಟಿದ್ದೀರಿ ಬೀಗಿತ್ತೀರೇ?" ಎಂದು ಎದ್ದೆ. "ಇನ್ನೊಂದಿಷ್ಟು ಬೇಯೋಕೆ ಹಾಕೋಣ. ಇದೆಲ್ಲಿ ಸಾಕಾಗತ್ತೆ ನಮ್ಮ ಹುಡುಗನಿಗೆ?"