ಬಂಡೆಯ ಕೆಳಗಿನ ಮಣ್ಣು

ಹಂಪಯ್ಯನ ಜೊತೆ ಮೋಟರುಗಳು ಮಾತಾಡುತ್ತವೆ ಎಂದು ತೆಕ್ಕಲಕೋಟೆಯ ರೈತರು ಹೇಳುವುದುಂಟು. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಸುತ್ತಿ ಮುಗಿದ ಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಊರಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುತ್ತಾನೆ. ಗುಂಯ್ ಎನ್ನುವ ಸದ್ದು ಸಮವಾಗಿದ್ದರೆ ಒಯ್ಯಿರಿ ಎನ್ನುತ್ತಾನೆ. ಇಲ್ಲದಿದ್ದರೆ ಗಿರಾಕಿ ಬಾಯಿ ಬಡಿದುಕೊಂಡರೂ ಸರಿ, ಮತ್ತೆ ಬಿಚ್ಚುತ್ತಾನೆ. ಕೆಲಸದಲ್ಲಿ ಇಷ್ಟು ಖಡಕ್ಕಾದ ಮನುಷ್ಯ ತನ್ನ ಮನೆಯ ನೆಲದ ವಿಷಯದಲ್ಲಿ ಹೀಗೆ ಮಾಡಿಕೊಂಡನಲ್ಲ ಎಂದರೆ ಸಿಟ್ಟೂ ಬರುತ್ತದೆ, ಕರುಳೂ ಚುರ್ ಎನ್ನುತ್ತದೆ.

ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅವನು ಕಿವಿ ಹಚ್ಚುವುದು ಇನ್ನೊಂದು ಕಡೆ, ಹೆಂಡತಿ ಅರುಣಾಳ ಎಡಗೈಗೆ. ಅವಳ ಕಿಡ್ನಿಗಳು ಕೈಕೊಟ್ಟಿದ್ದವು. ಬುಧವಾರ, ಶನಿವಾರ ಬಳ್ಳಾರಿಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಸೂಜಿ ಚುಚ್ಚಲೆಂದು ಡಾಕ್ಟರು ಅವಳ ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸಿದ್ದರು. ಅಲ್ಲಿ ರಕ್ತ ಹರಿಯುವಾಗ ಒಳ್ಳೆಯ ಮೋಟರಿನ ಹಾಗೆ ಗುಂಯ್ ಎನ್ನುತ್ತದೆ. ಬಲಗೈಯಲ್ಲಿ ಮೊದಲು ಮಾಡಿದ್ದು ಕೆಟ್ಟುಹೋಗಿತ್ತು, ಉಳಿದದ್ದು ಇದೊಂದೇ. "ಈ ಸದ್ದು ಇರೋತನಕ ಚಿಂತಿಲ್ರಿ. ನಿಂತ್ರ ಮಾತ್ರ ತಾಸು ಎಣಿಸ್ಕೋತ ಕೂಡ್ರಬ್ಯಾಡ್ರಿ, ಹಂಗ ಓಡಿ ಬರ್ರಿ" ಎಂದು ನರ್ಸಮ್ಮ ಮೊದಲ ದಿನವೇ ಹೇಳಿದ್ದಳು. ಅಂದಿನಿಂದ ಆ ಕೈಗೆ ಬಳೆಯಿಲ್ಲ, ಕೊಡ ಹೊರುವುದಿಲ್ಲ, ರೊಟ್ಟಿ ಬಡಿಯುವುದಿಲ್ಲ. ಮಲಗುವಾಗ ಹಂಪಯ್ಯ ಅದನ್ನು ದಿಂಬಿನ ಮೇಲೆ ಕೂಸಿನಂತೆ ಇಡುತ್ತಿದ್ದ.

ಆ ಕೈಗಾಗಿಯೇ ಕುರುಗೋಡಿನ ಷಡ್ಡಕನಿಂದ ಒಂದು ಹಳೆಯ ಬಿಳಿ ಕಾರು ಕೊಂಡದ್ದು. ಮಂಗಳವಾರ ಸಂಜೆ ಕಾಲುವೆ ಹತ್ತಿರದ ಗುಂಡಿಯಲ್ಲಿ ಅದರ ಮುಂದಿನ ಎಡಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಕಬ್ಬಿಣದ ಆರ್ಮ್ ಮುರಿಯಿತು. ಹೇಗೋ ಎಳೆಸಿ ಮನೆ ಮುಟ್ಟಿಸಿದ. ಬುಧವಾರ ಬಸ್ಸಿಗೆ ಹೋದರು. ಬರುವಾಗ ಅರುಣಾ ಸುಸ್ತಿನಲ್ಲಿ ತಲೆ ತಿರುಗಿ ಬಿದ್ದಳು, ಎಡಗೈ ಸೀಟಿನ ಕಂಬಿಗೆ ತಾಗಿತು. ಅರ್ಧ ತಾಸು ಆ ಸದ್ದು ಇದೆಯೋ ಇಲ್ಲವೋ ಎನ್ನುವಷ್ಟು ಇಳಿದುಹೋಯಿತು. ಬಸ್ಸಿನಲ್ಲಿ ಅಷ್ಟು ಜನರ ಮುಂದೆ ಅವಳ ಕೈಗೆ ಕಿವಿ ಹಚ್ಚಿ ಕುಳಿತ ಹಂಪಯ್ಯ, ಇನ್ನು ಸತ್ತರೂ ಬಸ್ಸು ಹತ್ತಿಸುವುದಿಲ್ಲ ಎಂದು ಆಣೆ ಮಾಡಿಕೊಂಡ.

ಶನಿವಾರ ಬಂದೇ ಬರುತ್ತದೆ. ಕಾರ್ತಿಕದ ಮುಹೂರ್ತ ಒಂದರ ಮೇಲೊಂದು, ಬಾಡಿಗೆ ಕಾರುಗಳೆಲ್ಲ ಮದುವೆ ದಿಬ್ಬಣಕ್ಕೆ ಹೋಗಿದ್ದವು. ಭತ್ತದ ಕೊಯ್ಲು ಬೇರೆ. ಊರಿನ ಮೆಕ್ಯಾನಿಕ್ ದೊಡ್ಡಬಸಪ್ಪ ಕೊಯ್ಲು ಯಂತ್ರಗಳ ಹಿಂದೆ ಸಿಂಧನೂರು ಕಡೆ ಹೋದವನು ವಾರ ಬಿಟ್ಟು ಬರುವವನು. ಫೋನಿನಲ್ಲೇ ಹೇಳಿದ: "ನಾಕು ಬೋಲ್ಟಿನ ಕೆಲಸ ಅಯ್ಯನೋರೆ, ನೀವ ಮಾಡ್ರಿ. ಕಾರು ಎತ್ತೂದೊಂದು ಮಾತ್ರ ನೆಟ್ಟಗ ಎತ್ರಿ."

ಶುಕ್ರವಾರ ಬೆಳಿಗ್ಗೆ ಹಂಪಯ್ಯ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ. ಹೊಸ ಆರ್ಮ್ ಕೊಂಡು ಚೀಲಕ್ಕೆ ಹಾಕಿಕೊಂಡು, ಹುಸೇನ್‌ಪೀರಾ ಸಾಬರ ಅಂಗಡಿ ಹೊಕ್ಕ. ಸಾಬರಿಗೆ ಎಪ್ಪತ್ತು ದಾಟಿತ್ತು. ಲಾರಿ, ಟ್ರ್ಯಾಕ್ಟರು, ಕಾರು ಎತ್ತುವ ಸಾಮಾನು ಬಿಟ್ಟರೆ ಅವರ ಅಂಗಡಿಯಲ್ಲಿ ಬೇರೆ ಏನೂ ಇರಲಿಲ್ಲ.

"ಕಾರು ಎತ್ತಾಕ ಏನಾರ ಕೊಡ್ರಿ ಸಾಬ್, ಜಲ್ದಿ."

"ಎತ್ತೂದು ಕಾರನ್ನ, ಕೆಳಗ ಮಲಗೋರು ನೀವಲ್ಲೇನ್ ಅಯ್ಯನೋರೆ? ಅವಸರ ಯಾಕ?"

ಹಂಪಯ್ಯ ಬಾಟಲ್ ಜಾಕ್ ಒಂದನ್ನು ಎತ್ತಿಕೊಂಡ. ಲಾರಿಯನ್ನೇ ಎತ್ತುತ್ತದೆ ಎಂದು ಅದರ ಮೇಲೆ ಬರೆದಿತ್ತು, ಚೀಲಕ್ಕೂ ಹಿಡಿಯುವಂತಿತ್ತು. ಸಾಬರು ಅದನ್ನು ಅವನ ಕೈಯಿಂದ ಇಸಿದುಕೊಂಡು ಮೊದಲಿನ ಜಾಗದಲ್ಲೇ ಇಟ್ಟರು.

"ನಿಮ್ಮ ಕಾರಿನ ಹೊಟ್ಟಿ ನೆಲಕ್ಕ ಹತ್ತಿರ ಇರತೈತಿ, ಇದು ಕೆಳಗ ಹೋಗಂಗಿಲ್ಲ. ಹೋದ್ರೂ ಒಂಟಿಗಾಲ ಮ್ಯಾಲ ನಿಂತಂಗ. ಆ ಕತ್ತರಿ ಜಾಕ್ ಪಂಚರಿಗೆ ಅಷ್ಟ. ಇದನ್ನ ನೋಡ್ರಿ, ಟ್ರಾಲಿ ಜಾಕ್. ನಾಕು ಗಾಲಿ, ಅಗಲ ಮೈ, ಉದ್ದ ಹಿಡಿಕಿ. ಹೆಣ್ಮಕ್ಕಳೂ ಒತ್ತಿ ಎತ್ತಬಹುದು."

"ನಮ್ಮ ಮನ್ಯಾಗ ಹೆಣ್ಮಕ್ಕಳು ಎತ್ತೂದು ಬ್ಯಾಡ್ರಿ" ಎಂದ ಹಂಪಯ್ಯ, ತುಸು ಬಿರುಸಾಗಿಯೇ.

ಸಾಬರು ಅವನ ಮುಖ ನೋಡಿದರು. ಒಳಗಿನಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ತಂದಿಟ್ಟರು. "ಜಾಕ್ ಎತ್ತಾಕ, ಸ್ಟ್ಯಾಂಡ್ ನಿಲ್ಲಸಾಕ. ಜಾಕ್ ನಂಬಿ ಎಂದೂ ಕೆಳಗ ಹೋಗಬ್ಯಾಡ್ರಿ. ಬಿಚ್ಚಿದ ಚಕ್ರಾನ ಪಕ್ಕಕ್ಕ ಒಗೀಬ್ಯಾಡ್ರಿ, ಕಾರಿನ ಅಂಚಿನ ಕೆಳಗ ಮಲಗಿಸ್ರಿ. ಏನರ ಆದ್ರ ಅದರ ಮ್ಯಾಲ ಕುಂದರತೈತಿ." ಅಷ್ಟು ಹೇಳಿ, ಗಲ್ಲಾದ ಬುಡದಲ್ಲಿ ಒರಗಿಸಿದ್ದ ಎರಡು ದಪ್ಪ ಹಲಗೆಗಳ ಮೇಲೆ ಕೈಯಿಟ್ಟು ಕೇಳಿದರು: "ನೆಲ ಏನೈತಿ?"

ನೆಲದ ಕತೆ ಇಷ್ಟು. ತೆಕ್ಕಲಕೋಟೆಯದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಏನು ಕಟ್ಟುವುದಿದ್ದರೂ ಮೊದಲು ಆ ಮಣ್ಣು ತೆಗೆದು ಗರಸು ಕಲ್ಲುಮಣ್ಣು ತುಂಬಿ ದಿಮ್ಮಸು ಬಡಿಯಬೇಕೆಂದು ಅಲ್ಲಿಯ ಎಳೆಯ ಮಕ್ಕಳಿಗೂ ಗೊತ್ತು. ಕಾರಿನ ತಗಡಿನ ಶೆಡ್ಡಿಗೆ ಹಂಪಯ್ಯ ಅದನ್ನು ಮಾಡಲಿಲ್ಲ. "ಕಾರೇನು ಇಲ್ಲಿ ಸಂಸಾರ ಮಾಡತೈತೇನು?" ಎಂದು ಹಸಿ ಎರೆಮಣ್ಣಿನ ಮೇಲೆ ತೆಳ್ಳನೆಯ ಕಡಪ ಬಂಡೆ ಹಾಸಿ ಸಂದಿಗೆ ಸಿಮೆಂಟ್ ಮೆತ್ತಿದ. ಮೇಲೆ ಥಳುಕು, ಒಳಗೆ ಹುಳುಕು. ಮುಂದಿನ ತಿಂಗಳು ಕಾಂಕ್ರೀಟ್ ಹಾಕಿಸುತ್ತೇನೆಂದು ಎರಡು ವರ್ಷದಿಂದ ಅರುಣಾಳಿಗೆ ಹೇಳುತ್ತ ಬಂದಿದ್ದ. ನಾಳೆ ಎಂದವನ ಮನೆ ಹಾಳು ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಮಣ್ಣು ಎಂದರೆ ಸಾಬರು ಇನ್ನೂ ಅರ್ಧ ತಾಸು ಬುದ್ಧಿ ಹೇಳುತ್ತಾರೆ. ಹನ್ನೆರಡರ ಬಸ್ಸು ತಪ್ಪುತ್ತದೆ. ಪಕ್ಕದಲ್ಲಿ ನಿಂತ ಇಬ್ಬರು ಗಿರಾಕಿಗಳು ನಗುತ್ತಾರೆ. ಇದೆಲ್ಲ ಒಂದು ಕ್ಷಣದಲ್ಲಿ ಅವನ ತಲೆಯಲ್ಲಿ ಹಾದುಹೋಯಿತು.

"ಕಾಂಕ್ರೀಟ್ ಐತ್ರಿ" ಎಂದ.

ಸಾಬರು ಹಲಗೆಗಳ ಮೇಲಿನ ಕೈ ತೆಗೆದರು. "ಹಂಗಾದ್ರ ಚಿಂತಿಲ್ಲ. ಮಣ್ಣಿದ್ರ ಈ ಹಲಗಿ ಪುಕಟ ಒಯ್ಯಾಕ ಹೇಳಾಂವ ಇದ್ದೆ. ಸ್ಟ್ಯಾಂಡಿನ ಕಾಲು ಸಣ್ಣವು, ನೆಲಕ್ಕ ಚುಚ್ಚತಾವು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಂಪಯ್ಯನಿಗೆ ಬಾಯಿ ತೆರೆಯಲು ಆಗಲೂ ಅವಕಾಶವಿತ್ತು. ಅವನು ಜಾಕು, ಸ್ಟ್ಯಾಂಡುಗಳನ್ನು ಆಟೊಗೆ ಏರಿಸಿ ಬಸ್ ನಿಲ್ದಾಣಕ್ಕೆ ಹೊರಟ.

ಮೂರು ಗಂಟೆಗೆ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಓಣಿಯವರೆಲ್ಲ ಕೊಯ್ಲಿಗೆ ಹೋಗಿದ್ದರಿಂದ ಸುತ್ತ ಪಿಟ್ಟೆನ್ನುವ ಸದ್ದಿರಲಿಲ್ಲ. ಅರುಣಾ ಸ್ಟೂಲಿನ ಮೇಲೆ ಕುಳಿತು ಬಲಗೈಯಿಂದ ಬೋಲ್ಟು ಬಿಚ್ಚುವ ಪಾನ ಎತ್ತಿ ಕೊಡುತ್ತಿದ್ದಳು. ಕಾರಿನ ಅಂಚಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಅದರ ಕೆಳಗೆ ಕೊಟ್ಟ ಜಾಕು ಸಾಬರು ಹೇಳಿದಂತೆಯೇ ಕಾರನ್ನು ಸಲೀಸಾಗಿ ಎತ್ತಿತು. ಹಂಪಯ್ಯ ಎರಡೂ ಸ್ಟ್ಯಾಂಡ್ ಕೊಟ್ಟು, ಜಾಕು ಇಳಿಸಿ ಈಚೆಗೆ ಎಳೆದಿಟ್ಟ. ಎಡಚಕ್ರ ಬಿಚ್ಚಿ ಅಂಚಿನ ಕೆಳಗೆ ಮಲಗಿಸಿದ. ಕಾರನ್ನು ಒಮ್ಮೆ ಅಲುಗಿಸಿ ನೋಡಿದ, ಗಟ್ಟಿಯಾಗಿ ನಿಂತಿತ್ತು.

"ನೆಲದ ಬಂಡಿ ತಡಿತಾವೇನ್ರಿ?" ಅರುಣಾ ಕೇಳಿದಳು. "ಮೊನ್ನಿ ಮಳಿ ನೀರು ಇದರ ಕೆಳಗ ಹೋಗಿತ್ತು."

"ದಿನಾ ಕಾರು ನಿಲ್ಲತೈತಲ್ಲ ಇದರ ಮ್ಯಾಲ, ಏನಾಗೇತಿ?" ಎಂದು ಅವನು ಬೆನ್ನ ಮೇಲೆ ಕಾರಿನ ಕೆಳಗೆ ತೂರಿಕೊಂಡ. ಅಗಲವಾದ ನಾಲ್ಕು ಟೈರುಗಳ ಭಾರವೇ ಬೇರೆ, ಬೆರಳಗಲದ ಕಬ್ಬಿಣದ ಕಾಲಿನ ಭಾರವೇ ಬೇರೆ ಎಂಬುದು ತಿಳಿಯದ ದಡ್ಡನಲ್ಲ ಅವನು. ಆದರೆ ಅವನ ತಲೆಯ ತುಂಬ ಆಸ್ಪತ್ರೆಗೆ ಹೊರಡಬೇಕಾದ ಶನಿವಾರ ಬೆಳಗಿನ ಏಳು ಗಂಟೆಯೇ ಇತ್ತು.

ಮೂರು ಬೋಲ್ಟು ಬಂದವು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಎರಡೂ ಕೈಯಿಂದ ಜಗ್ಗಿದ. ಬಂಡೆ ಟಪ್ಪೆಂದು ಒಡೆಯಿತು.

ಸ್ಟ್ಯಾಂಡಿನ ಕಾಲು ಹಸಿಮಣ್ಣಿನೊಳಗೆ ಇಳಿದು ವಾಲಿತು. ಕಾರಿನ ಎಡಮಗ್ಗಲು ಕುಸಿದು ಮಲಗಿಸಿದ್ದ ಚಕ್ರದ ಮೇಲೆ ಕುಳಿತಿತು. ಚಕ್ರ ಇರದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಚಕ್ರ ಉಳಿಸಿಕೊಟ್ಟ ಆ ಗೇಣಗಲದ ಸಂದಿಯಲ್ಲಿ ಹಂಪಯ್ಯನ ಎದೆ ಸಿಕ್ಕಿಕೊಂಡಿತು. ಒಳಗಿದ್ದ ಉಸಿರು ಹೊರಗೆ ಹೋಯಿತು, ಹೊರಗಿನದು ಒಳಗೆ ಬರಲಿಲ್ಲ.

ಅರುಣಾ ಚೀರಿದಳು. "ಯಾರರ ಬರ್ರೀ! ಬರ್ರೋ ಯಪ್ಪಾ!" ಎಂದು ಬಾಗಿಲಿಗೆ ಓಡಿ ಕೂಗಿದಳು. ಓಣಿಯಲ್ಲಿ ಒಂದು ನಾಯಿ ಎದ್ದು ನೋಡಿ ಮತ್ತೆ ಮಲಗಿತು. ಓಡಿ ಬಂದು ಬಗ್ಗಿದಳು. ಗಂಡನ ಮುಖ ನೀಲಿಗಟ್ಟುತ್ತಿತ್ತು, ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

ಅವಳು ಜಾಕನ್ನು ತಳ್ಳಿದಳು. ಅವನು ಮಾಡಿದ್ದನ್ನು ನೋಡಿದ್ದಳಲ್ಲ, ಒಡೆಯದ ಬಂಡೆಯ ಮೇಲಿಂದ ಉರುಳಿಸಿ ಸೀಮೆಸುಣ್ಣದ ಗುರುತಿನ ಕೆಳಗೆ ಕೊಟ್ಟಳು. ಬಲಗೈಯಿಂದ ಹಿಡಿಕೆ ಒತ್ತಿದಳು. ಮೊದಲ ಎರಡು ಸಲ ಇಳಿಯಿತು, ಆಮೇಲೆ ಕಾರಿನ ಭಾರ ಬಂದು ನಿಂತುಬಿಟ್ಟಿತು. ಡಯಾಲಿಸಿಸ್ ತಿಂದು ಬಿಟ್ಟ ಮೈಯಲ್ಲಿ ಒಂದು ಕೈಗೆ ಎಲ್ಲಿಯ ಶಕ್ತಿ?

ಅವಳು ಎಡಗೈ ಎತ್ತಿದ್ದನ್ನು ಹಂಪಯ್ಯ ಕೆಳಗಿನಿಂದ ಕಂಡ. ಬ್ಯಾಡ ಎನ್ನಬೇಕೆಂದು ತುಟಿ ತೆರೆದ, ದನಿಗೆ ಉಸಿರಿರಲಿಲ್ಲ. ಅರುಣಾ ಎರಡೂ ಕೈಯಿಂದ ಹಿಡಿಕೆ ಹಿಡಿದು ಇಡೀ ಮೈಯ ಭಾರ ಬಿಟ್ಟು ಒತ್ತಿದಳು. ಮತ್ತೆ ಒತ್ತಿದಳು. ಎಷ್ಟು ಸಲ ಒತ್ತಿದಳೋ ಇಬ್ಬರಿಗೂ ಲೆಕ್ಕವಿಲ್ಲ. ಕಾರು ನಾಲ್ಕು ಬೆರಳು ಎದ್ದಿತು. ಹಂಪಯ್ಯ ತೆವಳಿಕೊಂಡು ಹೊರಗೆ ಬಂದು ಬಿದ್ದ.

ಉಸಿರು ಬಂದ ಕೂಡಲೇ, ಪಕ್ಕೆಲುಬು ಚುಚ್ಚುತ್ತಿದ್ದರೂ, ಅವನು ಮಾಡಿದ ಮೊದಲ ಕೆಲಸ ಅವಳ ಎಡಗೈ ಹಿಡಿದು ಕಿವಿ ಹಚ್ಚಿದ್ದು. ಕೈ ಕೆಂಪಗಾಗಿ ಬಾತಿತ್ತು. ತನ್ನ ಎದೆಯ ಬಡಿತ ಬಿಟ್ಟು ಬೇರೆ ಏನೂ ಕೇಳಲಿಲ್ಲ. ಜಾಗ ಬದಲಿಸಿ ಹಚ್ಚಿದ, ಬೆರಳಿಟ್ಟು ನೋಡಿದ.

"ತಾಸು ಎಣಿಸ್ಕೋತ ಕೂಡ್ರಬ್ಯಾಡ್ರಿ ಅಂದಿದ್ಲು ನರ್ಸಮ್ಮ" ಎಂದಳು ಅರುಣಾ. "ಏಳ್ರಿ."

ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ರಸ್ತೆಗೆ ಬಂದರು. ಸಿರುಗುಪ್ಪದ ಕಡೆಯಿಂದ ಭತ್ತ ಹೇರಿಕೊಂಡು ಬಂದ ಲಾರಿಗೆ ಹಂಪಯ್ಯ ನಡುರಸ್ತೆಯಲ್ಲಿ ನಿಂತು ಕೈ ಮುಗಿದ. ಬೈಯಲೆಂದು ತಲೆ ಹೊರಗೆ ಹಾಕಿದ ಡ್ರೈವರ್ ಇವರ ಅವಸ್ಥೆ ನೋಡಿ ಬಾಯಿ ಮುಚ್ಚಿ ಬಾಗಿಲು ತೆಗೆದ.

"ಬಳ್ಳಾರಿ ದವಾಖಾನಿಗ್ರಿ. ಲಗೂನ ಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಕ್ಯಾಬಿನ್ನಿನಲ್ಲಿ ಹಂಪಯ್ಯ ಮತ್ತೆ ಕಿವಿ ಹಚ್ಚಿದ. ಲಾರಿಯ ಇಂಜಿನ್ನು ಕಾಲ ಕೆಳಗಿನಿಂದ ಗುಡುಗುಡು ಎನ್ನುತ್ತಿತ್ತು. ನೂರು ಮೋಟರಿನ ನಡುವೆ ಕೆಟ್ಟದ್ದೊಂದನ್ನು ಗುರುತಿಸುವ ಆ ಕಿವಿಗೆ ಬೇಕಾದ ಒಂದು ಸದ್ದು ಸಿಗಲಿಲ್ಲ. ಬಾದನಹಟ್ಟಿಯ ದಾರಿ ಒಡೆಯುವಲ್ಲಿಗೆ ಬರುವಷ್ಟರಲ್ಲಿ ಅವನ ಕಣ್ಣೀರು ಅವಳ ಕೈಯನ್ನೆಲ್ಲ ತೋಯಿಸಿತ್ತು.

"ಸಾಬ್ ನೆಲ ಏನೈತಿ ಅಂತ ಕೇಳಿದ್ದ" ಎಂದ. "ಹಲಗಿ ಪುಕಟ ಕೊಡಾಂವ ಇದ್ದ. ನಾ ಕಾಂಕ್ರೀಟ್ ಐತಿ ಅಂದ್ಯ."

ಅರುಣಾ ಹೊರಗಿನ ಗದ್ದೆಗಳ ಕಡೆ ಮುಖ ತಿರುಗಿಸಿದಳು. ಆಮೇಲೆ ಕೇಳಿದಳು: "ಕೇಳಸ್ತೈತೇನ್ರಿ?"

ಐತಿ ಎಂದುಬಿಡುವುದು ಬಹಳ ಸುಲಭವಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

"ಇಲ್ಲ ಅರುಣಾ. ಕೇಳವಲ್ದು."

ಅವಳು ಬಲಗೈಯಿಂದ ಅವನ ತಲೆಯನ್ನು ಮತ್ತೆ ತನ್ನ ಎಡಗೈಯ ಮೇಲೆ ಒತ್ತಿ ಹಿಡಿದಳು. ದೂರದಲ್ಲಿ ಬಳ್ಳಾರಿಯ ಗುಡ್ಡ ಕಾಣತೊಡಗಿತ್ತು.

"ಹಚ್ಚಿಕೊಂಡ ಇರ್ರಿ" ಎಂದಳು. "ಬಂದ್ರ ಹೇಳೀರಂತ."