ಖಾಲಿ ಲಾರಿಯ ತೂಕ

ಖಾಲಿ ಲಾರಿ ಮುನ್ನೂರು ಕಿಲೋ ಹೆಚ್ಚು ತೂಗುತ್ತಿತ್ತು. ಪೇಟೆಗೆಲ್ಲ ವೇಬ್ರಿಡ್ಜ್ ಅಕ್ಕ ಎಂದೇ ಪರಿಚಯವಾದವಳು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು. ಹನ್ನೆರಡು ವರ್ಷ ಪೇಟೆಯ ಆ ತೂಕದ ಕಟ್ಟೆಯ ಕಿಟಕಿಯ ಹಿಂದೆ ಕೂತು ಲಾರಿ ತೂಗಿದವಳು. ಟ್ಯಾಂಕಿನ ತುಂಬ ಡೀಸೆಲ್ ಹಾಕಿಸಿದರೂ ಇಷ್ಟು ಏರುವುದಿಲ್ಲವೆಂದು ಗೊತ್ತು. ಹೋದ ವಾರವೂ ಹೀಗೇ ಆಗಿತ್ತು.

ಲಾರಿ ಓಡಿಸುವವನು ಅವಳ ಒಡಹುಟ್ಟಿದ ತಮ್ಮ. ಬರ ಬಿದ್ದ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಹಸಿವಿನಿಂದ ತರಗತಿಯಲ್ಲೇ ಕುಸಿಯುತ್ತಿದ್ದಾರೆಂದು ಕೇಳಿ ಪೇಟೆಯವರು ಅಂಗಡಿಗೊಂದು ಡಬ್ಬಿ ಇಟ್ಟು ಹಣ ಎತ್ತಿದ್ದರು. ಅರ್ಧ ಪೇಟೆ ಡಬ್ಬಿ ಹಿಡಿದು ತಿರುಗಿದವಳು ಇವಳೇ. ವಾರಕ್ಕೊಂದು ಲೋಡು ಅಕ್ಕಿ, ಬೇಳೆ ಕಳಿಸುವುದೆಂದಾಯಿತು. ಹೋಗುವಾಗಲೂ ಇಳಿಸಿ ಬಂದಾಗಲೂ ಲಾರಿಯನ್ನು ಇವಳ ಬಳಿಯೇ ತೂಗಿಸಬೇಕು. ಲಾರಿಗೆ ತಮ್ಮನ ಹೆಸರು ಹೇಳಿದಾಗ ಮುಂದಾಳು ದಿನಸಿ ಸಾಹುಕಾರರು ಮೂಗು ಮುರಿದರು. ಮುರಿಯದೆ ಏನು? ಅಪ್ಪನ ಹೊಸ ಸೈಕಲ್ಲು ಮಾರಿ ಸಿನಿಮಾ ನೋಡಿದ ಪುಣ್ಯಾತ್ಮ ಅವನು! "ಅವನಿಗೆ ನಾನು ಜವಾಬ್ದಾರಿ" ಎಂದು ಅಕ್ಕ ಎದೆ ತಟ್ಟಿಕೊಂಡಿದ್ದಳು.

"ಏನೋ ಇದು, ಇಷ್ಟೊಂದು ತೂಕ?" ಎಂದು ಕಿಟಕಿಯಿಂದ ಕೂಗಿದಳು.

"ಕೆಸರು ಕಣಕ್ಕ. ಟೈರಿಗೆಲ್ಲ ಮೆತ್ಕೊಂಡಿದೆ" ಎಂದವನೇ ಚೀಟಿ ಕಿತ್ತುಕೊಂಡು ಗಾಡಿ ಬಿಟ್ಟ.

ಕೆಸರು! ಎರಡು ವರ್ಷದಿಂದ ಹನಿ ಮಳೆ ಕಾಣದ ಊರಿನಲ್ಲಿ! ಸುಳ್ಳು ಹೇಳಿದರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕು, ಇವನಿಗೆ ಅದೂ ಬರಲಿಲ್ಲ. ಖಾಲಿ ಲಾರಿಗೆ ಟಾರ್ಪಾಲು ಬೇರೆ ಬಿಗಿದಿದ್ದ. ಎತ್ತಿ ನೋಡಬಹುದಿತ್ತು. ಆದರೆ ಅಕ್ಕಿ ಮೂಟೆಯೇ ಸಿಕ್ಕಿಬಿಟ್ಟರೆ ಎಂದು ಅವಳಿಗೆ ಹೆದರಿಕೆಯಾಯಿತು.

ಆ ವಾರ ತಮ್ಮ ಹೊಸ ಚಪ್ಪಲಿ ಹಾಕಿದ್ದೂ ಕಣ್ಣಿಗೆ ಚುಚ್ಚಿತು. ಊಟಕ್ಕೆ ಕೂತಾಗ "ಅಕ್ಕಿ ಪೂರ್ತಿ ಇಳಿಸಿದ್ಯಾ?" ಎಂದರೆ ತಟ್ಟೆ ನೋಡುತ್ತಲೇ "ಹೂಂ" ಎಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮೂರನೆಯ ಲೋಡು ಹೊರಟ ದಿನ ತಡೆಯಲಾರದೆ ಸಾಹುಕಾರರ ಬಳಿ ಹೋಗಿ, "ಮುಂದಿನ ಲೋಡು ನಿಲ್ಸಿಬಿಡಿ" ಎಂದಳು. ಕಾರಣ ಅವರು ಕೇಳಲೂ ಇಲ್ಲ, ತಮ್ಮನ ವಿಷಯವೆಂದು ಅವರಿಗೇ ಹೊಳೆದಿತ್ತು. ಸಂಜೆಯೊಳಗೆ ಪೇಟೆಯ ಡಬ್ಬಿಗಳೆಲ್ಲ ಒಳಗೆ ಹೋದವು.

ಮರುದಿನ ಮಧ್ಯಾಹ್ನ ಲಾರಿ ಬಂತು. ಮತ್ತೆ ಅದೇ ಮುನ್ನೂರು. ಅಕ್ಕ ಹೊರಗೆ ಬಂದಳು.

"ಟಾರ್ಪಾಲು ಎತ್ತು."

"ಬೇಡಕ್ಕ."

"ಎತ್ತೋ ಅಂದ್ರೆ!"

ಒಳಗಿದ್ದದ್ದು ಪುಟ್ಟ ಪುಟ್ಟ ಬೆಂಚುಗಳು. ಒಂದರ ಮೇಲೆ ಯಾರೋ ಏಳರ ಮಗ್ಗಿ ಕೊರೆದಿದ್ದರು, ಅದೂ ತಪ್ಪು ತಪ್ಪಾಗಿ.

"ಹೆಡ್‌ಮಾಸ್ಟರು ನಮ್ಮ ಬಡಗಿ ಅಂಗಡೀಲಿ ಮಾರಿಸ್ತಿದಾರೆ" ಎಂದ ತಮ್ಮ. "ನಾವು ಕೊಡೋದು ಮಧ್ಯಾಹ್ನಕ್ಕೆ ಸರಿಹೋಗುತ್ತೆ. ಸಂಜೆ ಮಕ್ಕಳು ಮನೆಗೇ ಹೋಗಲ್ಲ ಅಕ್ಕ, ಹೋದ್ರೂ ಒಲೆ ಹಚ್ಚಿರಲ್ಲ. ಬೆಂಚು ಮಾರಿ ಇನ್ನೊಂದು ಹೊತ್ತು ಊಟ ಹಾಕ್ತಿದಾರೆ. ಸಾಲ್ದು ಅಂತ ಗೊತ್ತಾದ್ರೆ ಕೊಡೋರು ಬೇಜಾರು ಮಾಡ್ಕೊಂಡು ನಿಲ್ಲಿಸಿಬಿಡ್ತಾರೆ, ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು."

ಕದ್ದ ಮಾಲನ್ನು ಯಾವ ಕಳ್ಳ ಅಕ್ಕನ ಕೈಲೇ ತೂಗಿಸುತ್ತಾನೆ? ಅಷ್ಟು ಬುದ್ಧಿ ಅವಳಿಗೆ ಈಗ ಬಂತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ನಿಲ್ಸಿ ಆಯ್ತು ಕಣೋ. ನಾನೇ ನಿಲ್ಲಿಸ್ದೆ."

"ಆ ಸೈಕಲ್ಲು ಇನ್ನೂ ಮರೆತಿಲ್ವಾ ಅಕ್ಕ?" ಎಂದ ತಮ್ಮ.

ಅವಳು ಮಗ್ಗಿಯ ಬೆಂಚನ್ನು ಇಳಿಸಿ, ತಲೆಯ ಮೇಲೆ ಹೊತ್ತು, ಪೇಟೆಯ ನಡುವೆಯೇ ನಡೆದು ಹೋಗಿ ಸಾಹುಕಾರರ ಮುಂದೆ ಇಟ್ಟಳು.

"ಏನಮ್ಮಾ ಇದು? ಮಕ್ಕಳು ಕೂರೋ ಬೆಂಚಲ್ವಾ?"

"ಕೂರೋದಲ್ಲ ಸಾಹುಕಾರ್ರೆ. ಈಗ ಅವರು ಇದನ್ನೇ ತಿಂತಿರೋದು" ಎಂದಳು. "ನನ್ನ ತಮ್ಮ ಕಳ್ಳ ಅಲ್ಲ. ಮೊದಲು ಡಬ್ಬಿ ಹೊರಗಿಡಿ, ಆಮೇಲೆ ನನ್ನ ಬೈಯಿರಿ."