ಒಂಬತ್ತು ಗಂಟಿನ ಕೆಂಪು ದಾರ

ಗಂಡನನ್ನು ಕಟ್ಟಿಹಾಕಿದವಳು ನಾನೇ, ಯಾರನ್ನೂ ದೂರುವ ಹಾಗಿಲ್ಲ. ಕೆಂಪು ದಾರಕ್ಕೆ ಒಂಬತ್ತು ಗಂಟು ಹಾಕಿ, ಒಂದೊಂದಕ್ಕೂ “ಇವನು ನನ್ನ ಬಿಟ್ಟು ಎಲ್ಲಿಗೂ ಹೋಗದಿರಲಿ” ಎಂದು ಉಸಿರೂದಿ, ಅವನ ದಿಂಬಿನೊಳಗಿಟ್ಟು ಹೊಲಿದುಬಿಟ್ಟೆ. ಆಗೆಲ್ಲ ಅವನು ವಾರಗಟ್ಟಲೆ ನಾಪತ್ತೆಯಾಗುತ್ತಿದ್ದ.

ಮಂತ್ರ ಫಲಿಸಿತು. ಹೇಗೆ ಅಂತೀರಿ? ಕೆಲಸ ಬಿಟ್ಟು ಮನೆಯಲ್ಲಿ ಕೂತ. ತರಕಾರಿಗೆ ಹೊರಟರೆ ಚೀಲ ಹಿಡಿದು ಹಿಂದೆಯೇ ಬಂದ. ನಾನು ದುಡಿಯುವ ಹೊಲಿಗೆ ಅಂಗಡಿಗೂ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ದಿನವಿಡೀ ಕೂತು, ಯಾರ ಅಳತೆ ತೆಗೆದೆ, ಯಾರ ಜೊತೆ ನಕ್ಕೆ ಎಂದು ನೋಡತೊಡಗಿದ.

“ಪುಣ್ಯವಂತೆ ಕಣೇ, ಎಂಥ ಗಂಡ!” ಅಂದಳು ಅಂಗಡಿಯಲ್ಲಿ ಗುಂಡಿ-ಕಾಜಾ ಹಾಕುವವಳು. ಮೊದಲು ಅವಳ ಬಾಯಿ ಹೊಲಿಯಬೇಕು ಅನ್ನಿಸಿತು.

ಎರಡು ವರ್ಷದಿಂದ, ನಾನು ಮಂತ್ರ ಕಲಿತ ನಮ್ಮ ವೃತ್ತಕ್ಕೆ ಹೋಗಿಲ್ಲ. ಏಳು ಹೆಂಗಸರು ಹುಣ್ಣಿಮೆ ಬೆಳಿಗ್ಗೆ ನದಿ ದಂಡೆಯಲ್ಲಿ ಸುತ್ತ ನಿಂತು ಮಣ್ಣು, ಗಾಳಿ, ಬೆಂಕಿ, ನೀರನ್ನು ಕರೆಯುತ್ತೇವೆ. ಗಂಡಸರಿಗೆ ಅಲ್ಲಿ ಜಾಗವಿಲ್ಲ. ನನಗೆ ಉಸಿರಾಡಲು ಇದ್ದದ್ದು ಅದೊಂದೇ ಜಾಗ.

ಈಚೆಗೆ ಒಂದು ದಿನ ವೃತ್ತದ ಹಿರಿಯಕ್ಕ ಅಳತೆ ಕೊಡುವ ನೆಪದಲ್ಲಿ ಅಂಗಡಿಗೆ ಬಂದಳು. ಬೆನ್ನಿಗೆ ಟೇಪು ಹಿಡಿದು, ಎಲ್ಲವನ್ನೂ ಅವಳ ಕಿವಿಯಲ್ಲಿ ಪಿಸುಗುಟ್ಟಿದೆ.

“ಜೀವ ಇರೋರನ್ನ ಕಟ್ಟಬಾರದು ಅಂತ ಮೊದಲನೇ ದಿನಾನೇ ಹೇಳಿರ್ಲಿಲ್ವಾ? ಹುಣ್ಣಿಮೆಗೆ ಒಂಬತ್ತು ದಿನ ಇದೆ. ದಿನಕ್ಕೊಂದು ಬಿಚ್ಚು, ಕೊನೇ ಗಂಟಿಂದ ಶುರು ಮಾಡು. ಕತ್ತರಿ ಮುಟ್ಟಬೇಡ. ಆಮೇಲೆ ಬಾ, ಒಬ್ಬಳೇ.” ಅವಳೂ ಪಿಸುದನಿಯಲ್ಲೇ ಅಂದಳು.

ದಿಂಬಿನ ಗವಸು ಒಗೆಯುವ ನೆಪದಲ್ಲಿ ದಾರ ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕವಿರುವುದು ಬಚ್ಚಲಿಗೆ ಮಾತ್ರ. ಅಲ್ಲಿ ಕೂತು, ಎರಡು ವರ್ಷ ಅವನ ತಲೆಯ ಭಾರಕ್ಕೆ ಕಲ್ಲಾಗಿದ್ದ ಗಂಟುಗಳನ್ನು ಸೂಜಿಯ ಮೊನೆಯಿಂದ ಕೆದಕಿದೆ. ಉಗುರು ಕಿತ್ತುಬಂತು. ಹೊರಗಿನಿಂದ ದಿನವೂ ಅದೇ ದನಿ: “ಇನ್ನೂ ಆಗ್ಲಿಲ್ವಾ?”

ಹುಣ್ಣಿಮೆಯ ಬೆಳಿಗ್ಗೆ ಉಳಿದಿದ್ದ ಒಂದು ಗಂಟೂ ಬಿಚ್ಚಿತು. “ಇನ್ನು ನಿನ್ನ ಪಾಡಿಗೆ ನೀನು ಹೋಗು” ಎಂದು ದಾರವನ್ನು ಒಂದು ಬಕೆಟ್ ನೀರಿನೊಡನೆ ಮೋರಿಗೆ ಬಿಟ್ಟೆ. ಎಷ್ಟು ಹಗುರಾಯಿತೆಂದರೆ ಅಲ್ಲೇ ಕೂತು ಅತ್ತುಬಿಟ್ಟೆ.

ಹೊರಗೆ ಬಂದಾಗ ಅವನು ಪೇಪರ್ ಓದುತ್ತಿದ್ದ, ತಲೆ ಎತ್ತಲಿಲ್ಲ. ಚಪ್ಪಲಿ ಮೆಟ್ಟಿದೆ. ಬಾಗಿಲು ತೆಗೆದೆ.

“ಎಲ್ಲಿಗೆ?”

“ಗೆಳತಿ ಮನೆಗೆ. ಮಧ್ಯಾಹ್ನ ಬರ್ತೀನಿ.”

“ತಡಿ, ಬಂದೆ.”

ಪೇಪರ್ ಮಡಿಸಿಟ್ಟು ಅಂಗಿ ಹಾಕಿಕೊಳ್ಳತೊಡಗಿದ. ಇಷ್ಟು ದಿನ ತಪ್ಪು ನನ್ನದೇ ಎಂದುಕೊಂಡಿದ್ದೆ, ಅದರಲ್ಲೂ ಒಂದು ಧೈರ್ಯವಿತ್ತು: ಕಟ್ಟಿದವಳು ಬಿಚ್ಚಲೂಬಹುದು. ಈಗ ಬಿಚ್ಚಲು ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಅವನು ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿಗೆ ಇಳಿಸಿದ.

“ನಡಿ” ಅಂದ.